ನಳ ಎರಡಾದ ಮೇಲೆ

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ತಡವಳದ ಕುರಿ ಸಾಕುವ ಮನೆಯ ಮಗಳು. ನಾನು ಮದುವೆಯಾಗಿ ನಾಗಣಸೂರಿನಿಂದ ಸೊಲ್ಲಾಪುರಕ್ಕೆ ಬಂದಾಗ ಆಕೆ ಆ ಮನೆ ಸೇರಿ ಆರೇಳು ವರ್ಷವಾಗಿತ್ತು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಆಕೆ ನನ್ನನ್ನು ತಂಗಿ ಎನ್ನುತ್ತಿದ್ದಳು, ಸಿಟ್ಟು ಬಂದರೆ ಮಾತ್ರ ‘ನಾಗಣಸೂರದಾಕಿ’. ಎತ್ತರದ ಹೆಂಗಸು. ಮುಂದೆ ಕುರಿಹಿಂಡು ಹೊರಟಿದೆ ಎನ್ನುವಂತೆ ದಾಪುಗಾಲು ಹಾಕಿ ನಡೆಯುತ್ತಿದ್ದಳು. ಬಟ್ಟೆಯ ಪೇಟೆ ನವಿ ಪೇಠದ ಗದ್ದಲದಲ್ಲಿ ನಾನು ಹಿಂದೆ ಬಿದ್ದರೆ ತಿರುಗಿ ನಿಂತು, ನಾಲಿಗೆಯಿಂದ ಕುರಿ ಕರೆಯುವ ಸದ್ದು ಮಾಡುತ್ತಿದ್ದಳು. ಬಟ್ಟೆ ಅಂಗಡಿಯವರು ನಗುತ್ತಿದ್ದರು. ನಾನು ನಾಚಿ ಓಡಿಹೋಗಿ ಆಕೆಯನ್ನು ಕೂಡಿಕೊಳ್ಳುತ್ತಿದ್ದೆ.

ನಳದ ನೀರು ಹಿಡಿಯುವುದನ್ನು ನನಗೆ ಕಲಿಸಿದವಳೂ ಆಕೆಯೇ. ಹಿಡಿಯುವುದರಲ್ಲಿ ಕಲಿಯುವುದೇನಿದೆ ಎಂದು ಊರಲ್ಲಿ ಬಾವಿ ಸೇದಿ ಬೆಳೆದ ನಾನು ಅಂದುಕೊಂಡಿದ್ದೆ. ಸೊಲ್ಲಾಪುರದಲ್ಲಿ ನೀರು ದಿನಾ ಬರುವುದಿಲ್ಲ. ಬಿಡುವ ದಿನ ಬಂತೆಂದರೆ ಓಣಿಯ ಹೆಂಗಸರೆಲ್ಲ ಬೇರೆ ಕೆಲಸ ಬದಿಗಿಟ್ಟು ಕೊಡ ಸಾಲಾಗಿ ಹಚ್ಚಿ ಕೂರುತ್ತಾರೆ. ನೀರಿಗಿಂತ ಮೊದಲು ಗಾಳಿ ಬರುತ್ತದೆ. ನಳ ಸುಂಯ್ ಎಂದು ಉಸಿರು ಬಿಡುತ್ತದೆ. ಅಕ್ಕ ಅಷ್ಟಕ್ಕೇ ಎದ್ದು ಸೆರಗು ಸಿಕ್ಕಿಸಿಕೊಂಡು, “ಗಾಳಿ ಬಂತ್ ನೋಡ. ಕೊಡ ಹಚ್ಚ” ಎನ್ನುತ್ತಿದ್ದಳು. ನಳದ ಬುಡದ ಸಣ್ಣ ಗುಂಡಿಯಲ್ಲಿ ಮೀಟರು ಇತ್ತು, ಅಂಗೈಯಗಲದ ಕಬ್ಬಿಣದ್ದು. ಆಗಿನ್ನೂ ಅದರ ಮುಳ್ಳು ತಿರುಗುತ್ತಿತ್ತು. ಗಾಳಿಗೇ ಅದು ಗರಗರ ತಿರುಗುವುದನ್ನು ತೋರಿಸಿ ಅಕ್ಕ ಸದ್ದಿಲ್ಲದೆ ನಗುತ್ತಿದ್ದಳು. ಆಕೆ ನಕ್ಕರೆ ಹೆಗಲು ಮಾತ್ರ ಅಲುಗುತ್ತಿದ್ದವು.

“ಹನಿ ನೀರ ಬಂದಿಲ್ಲ, ಹೆಂಗ ಓಡಾಕತ್ತೈತಿ ನೋಡ. ನಮ್ಮ ಅತ್ತಿ ಸಿಟ್ಟ ಇದ್ದಂಗ.”

ಅತ್ತೆಯ ಸಿಟ್ಟು ನಿಜಕ್ಕೂ ಹಾಗೇ ಇತ್ತು. ಬೇಗ ಬರುತ್ತಿತ್ತು, ಬೇಗ ಇಳಿಯುತ್ತಿತ್ತು. ಅತ್ತೆಯ ತವರೂ ತಡವಳವೇ. ಅಕ್ಕ ಅವರ ಅಣ್ಣನ ಮಗಳು, ಹೊಕ್ಕುಬಳಕೆಯ ಸೊಸೆ. ಮಾವನವರ ಕಡೆ ಹೊಲಮನೆ ಏನೂ ಇರಲಿಲ್ಲ. ಅವರು ಗಿರಣಿಯ ಕೆಲಸಕ್ಕೆಂದು ಬಂದು ಇಲ್ಲೇ ನಿಂತು, ನಾನು ಬರುವ ಮೊದಲೇ ತೀರಿಕೊಂಡವರು. ಅತ್ತೆಗೆ ಮಾತ್ರ ಮನಸ್ಸು ತಡವಳದ ಹೊಲದಲ್ಲೇ ಇತ್ತು. ಅಲ್ಲಿ ಬೀರೋಬನ ಗುಡಿಯ ಹಿಂದೆ ಅವರ ತಂದೆತಾಯಿಯನ್ನು ಮಣ್ಣು ಮಾಡಿದ್ದರು. “ನನ್ನೂ ಅಲ್ಲೇ ಒಯ್ರಿ. ಈ ಊರ ಮಣ್ಣ ನನಗ ಗುರ್ತ ಇಲ್ಲ” ಎಂದು ಹಬ್ಬಹುಣ್ಣಿಮೆಗೊಮ್ಮೆ ಹೇಳುತ್ತಿದ್ದರು. ನಾವು ಹೂಂ ಎನ್ನುತ್ತಿದ್ದೆವು.

ಅಕ್ಕನಿಗೆ ಮಕ್ಕಳಾಗಲಿಲ್ಲ. ನನಗೆ ಒಬ್ಬಳೇ ಮಗಳು. ಹೆತ್ತದ್ದು ನಾನು, ಎತ್ತಿ ಆಡಿಸಿದ್ದು, ಜಳಕ ಮಾಡಿಸಿದ್ದು, ಸಾಲಿಗೆ ಬಿಟ್ಟು ಬಂದದ್ದು ಅಕ್ಕ. ನಾನು ನವಿ ಪೇಠದ ಅಂಗಡಿಗಳಿಗೆ ಜಂಪರು ಹೊಲಿದು ಕೊಡುತ್ತಿದ್ದೆ. ಮಷೀನಿನ ಮುಂದೆ ಕೂತರೆ ನನಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಮಗಳು ಅಕ್ಕನನ್ನು ‘ದೊಡ್ಡವ್ವ’ ಎಂದು ಕರೆದು ಅವಳ ಮಗ್ಗುಲಲ್ಲೇ ಮಲಗುತ್ತಿದ್ದಳು. ಮಗಳು ಕಲಿತದ್ದು ಮರಾಠಿ ಸಾಲಿಯಲ್ಲಿ. ಮನೆಯಲ್ಲಿ ಕನ್ನಡ ಮಾತು, ಓದು ಮರಾಠಿ. ನಾನೀಗ ಬರೆಯುತ್ತಿರುವ ಈ ಅಕ್ಷರ ನಮ್ಮ ಮನೆಯಲ್ಲಿ ನನ್ನೊಬ್ಬಳಿಗೇ ಬರುತ್ತದೆ. ಅಕ್ಕನಿಗಂತೂ ಯಾವ ಅಕ್ಷರವೂ ಬರುತ್ತಿರಲಿಲ್ಲ.

ಮನೆ ಒಡೆದದ್ದು ಅತ್ತೆ ತೀರಿಕೊಂಡ ದಿನ. ನನ್ನ ಗಂಡ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಅವತ್ತು ಉಳ್ಳಾಗಡ್ಡಿ ಹೇರಿಕೊಂಡು ನಾಸಿಕದ ಕಡೆಗೆ ಹೋಗಿದ್ದರು. ಬೇಸಿಗೆ. ಬೆಳಿಗ್ಗೆ ಅತ್ತೆ ಚಹಾ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋದರು. ಫೋನು ಮಾಡಿದಾಗ ಇವರು, “ನಾ ಬರೂ ತನಕ ಎತ್ತಬ್ಯಾಡ್ರಿ. ಅವ್ವನ್ನ ತಡವಳಕ್ಕ ನಾನ ಒಯ್ತೀನಿ” ಎಂದರು. ಭಾವ ಮಧ್ಯಾಹ್ನದವರೆಗೆ ಕಾದರು. ಭಾವ ಸೌಮ್ಯ ಮನುಷ್ಯ, ನವಿ ಪೇಠದ ಒಂದು ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುವ ಕೆಲಸ. ಹತ್ತು ಜನ ಹಿರಿಯರು ಹೇಳಿದ್ದನ್ನು ಮೀರುವ ಶಕ್ತಿ ಅವರಿಗಿರಲಿಲ್ಲ. ಬಿಸಿಲಿಗೆ ಹೆಣ ಇಡಬಾರದು, ಇಲ್ಲೇ ಮಣ್ಣು ಮಾಡಿಬಿಡಿ ಎಂದು ಓಣಿಯವರೆಲ್ಲ ಕೂಡಿ ಹೇಳಿದರು. ಸಂಜೆಗೆ ಎಲ್ಲ ಮುಗಿಯಿತು. ಮುಗಿದ ಮೇಲೆ ಇವರ ಟೆಂಪೋ ಓಣಿಗೆ ಬಂತು. ಹೆಣ ಎತ್ತಿದ ಮೇಲೆ ಅಂಗಳದಲ್ಲಿ ನೀರು ಹೊಡೆದ ನೆಲ ಕಂಡು ಇವರಿಗೆ ತಿಳಿದುಹೋಯಿತು. ಅಣ್ಣನ ಮುಖ ಕೂಡ ನೋಡದೆ ಒಳಗೆ ಹೋಗಿ ಮಲಗಿದರು. ದಿನಕರ್ಮ ಮುಗಿಯುವವರೆಗೆ ಒಂದು ಮಾತಿಲ್ಲ. ಮುಗಿದ ಮಾರನೆಯ ದಿನ, “ಇನ್ನ ಒಲಿ ಬ್ಯಾರೆ” ಎಂದರು.

ಭಾವನವರದು ತಪ್ಪೆಂದು ನನಗೆ ಇವತ್ತಿಗೂ ಅನ್ನಲಾಗುವುದಿಲ್ಲ. ಇವರ ಸಿಟ್ಟು ಸುಳ್ಳೆಂದೂ ಅನ್ನಲಾಗುವುದಿಲ್ಲ.

ಒಲೆ ಬೇರೆಯಾಯಿತು, ಬಾಗಿಲು ಬೇರೆಯಾಯಿತು. ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತು. ಗೋಡೆ ಕಟ್ಟುತ್ತ ಬಂದ ಗೌಂಡಿ ನಳದ ಹತ್ತಿರ ಬಂದು ನಿಂತ. ನಳ ಸರಿಯಾಗಿ ನಡುವೆ ಇತ್ತು. ನೀರಿನ ಕನೆಕ್ಷನ್ನು ಮಾವನವರ ಕಾಲದ್ದು, ಇಡೀ ಮನೆಗೆ ಒಂದೇ. ಏನು ಮಾಡಲಿ ಎಂದು ಗೌಂಡಿ ಕೇಳಿದಾಗ ಅಣ್ಣತಮ್ಮ ಇಬ್ಬರೂ ಬೇರೆ ಕಡೆ ನೋಡಿದರು. ಅಕ್ಕ ಹೊರಗೆ ಬಂದು, “ಅಷ್ಟ ಬಿಡಪಾ. ನೀರ ತುಂಬೂದು ನಾವು” ಎಂದಳು. ಹೀಗೆ ಗೋಡೆಯಲ್ಲಿ ಒಂದು ಬಾಗಿಲಗಲದ ಸಂದು ಉಳಿಯಿತು.

“ಆ ಮನಿ ಹೊಸ್ತಿಲ ತುಳದ್ರ ಈ ಮನಿ ಹೊಸ್ತಿಲಕ್ಕ ಬರಬ್ಯಾಡ” ಎಂದು ನನ್ನ ಗಂಡ ಹೇಳಿದ್ದರು. ಆ ಕಡೆಯೂ ಇಂಥದೇ ಮಾತು ಆಗಿತ್ತು. ಆದರೆ ನಳಕ್ಕೆ ಹೊಸ್ತಿಲು ಇರಲಿಲ್ಲ. ನೀರು ಬಿಟ್ಟ ದಿನ ಅಕ್ಕ ಆ ಕಡೆ, ನಾನು ಈ ಕಡೆ ಕೂರುತ್ತಿದ್ದೆವು. ಒಂದು ಕೊಡ ಅವಳದು, ಒಂದು ಕೊಡ ನನ್ನದು. ಗಂಡಸರು ಕೆಲಸಕ್ಕೆ ಹೋಗಿರುತ್ತಿದ್ದರು. ನಾವು ನೀರು ತುಂಬಿದ ಮೇಲೂ ಏಳುತ್ತಿರಲಿಲ್ಲ. ಅಲ್ಲೇ ಅರಿವೆ ಒಗೆಯುತ್ತಿದ್ದೆವು, ಹಂಡೆ ತಿಕ್ಕುತ್ತಿದ್ದೆವು. ಶೇಂಗಾ ಹಿಂಡಿ ಕುಟ್ಟಿದ್ದರೆ ಅಕ್ಕ ಎಲೆಯಲ್ಲಿ ಕಟ್ಟಿ ತರುತ್ತಿದ್ದಳು. ಮುಟ್ಟಾದದ್ದು, ಸೊಂಟ ನೋವು, ಕಾಲಿಗೆ ನೀರು ಇಳಿದದ್ದು, ಗಂಡಸರ ಮುಂದೆ ಹೇಳಲಾಗದ್ದೆಲ್ಲ ನಾವು ಹೇಳಿಕೊಳ್ಳುತ್ತಿದ್ದದ್ದು ಅಲ್ಲಿಯೇ. ನನ್ನ ಗರ್ಭಚೀಲದ ಆಪರೇಶನ್ನಿಗೆ ಮುಂಚೆ, ನಾನು ಮೂರು ತಿಂಗಳಿಂದ ಮುಚ್ಚಿಟ್ಟುಕೊಂಡದ್ದನ್ನು ಅಕ್ಕ ನಾನು ಒಗೆಯುತ್ತಿದ್ದ ಸೀರೆಯನ್ನು ನೋಡಿಯೇ ತಿಳಿದುಕೊಂಡಿದ್ದಳು. “ನಾಳೆ ದವಾಖಾನಿಗೆ ಹೋಗಿಲ್ಲಂದ್ರ ನಾನ ಬಂದ ನಿನ್ನ ಗಂಡಗ ಹೇಳ್ತೀನಿ, ಹೊಸ್ತಿಲ ಗಿಸ್ತಿಲ ನೋಡಂಗಿಲ್ಲ” ಎಂದಿದ್ದಳು. ನಾನು ಬದುಕಿದ್ದು ಅದರಿಂದ ಎಂದು ಡಾಕ್ಟರ ಬಾಯಿಯಿಂದಲೇ ಕೇಳಿದ್ದೇನೆ.

ವರ್ಷಗಳು ಹೋದವು. ಮಗಳು ಮದುವೆಯಾಗಿ ಅಕ್ಕಲಕೋಟೆಗೆ ಹೋದಳು. ಮದುವೆಯಲ್ಲಿ ಅಣ್ಣತಮ್ಮ ಇಬ್ಬರೂ ಮಂಟಪದ ಎರಡು ಮೂಲೆಯಲ್ಲಿ ನಿಂತು ಅಕ್ಕಿಕಾಳು ಹಾಕಿದರು. ಹಳೆಯ ಮೀಟರಿನ ಗಾಜಿನೊಳಗೆ ಮಂಜು ಹಿಡಿದು ಮುಳ್ಳು ನಿಂತುಹೋಗಿತ್ತು. ನೀರಿನ ಬಿಲ್ಲು ಅಂದಾಜಿನ ಮೇಲೆ ಬರುತ್ತಿತ್ತು.

ಆಮೇಲೆ ಹೊಸ ಮೀಟರಿನವರು ಬಂದರು. ಮೊದಲು ಓಣಿಯಲ್ಲಿ ರಿಕ್ಷಾದ ಮೇಲೆ ಸ್ಪೀಕರು ಕಟ್ಟಿ ಮರಾಠಿಯಲ್ಲಿ ಹೇಳುತ್ತ ಹೋದರು. ಎರಡು ವಾರಕ್ಕೆ ಇಬ್ಬರು ಫಿಟ್ಟರುಗಳು ಚೀಲ, ಪಾನಾ, ಪೈಪು ಹೊತ್ತು ಬಂದರು. ಹಿರಿಯನಿಗೆ ತಲೆ ನರೆತಿತ್ತು. ನನ್ನ ಮಾತು ಕೇಳಿದ ಕೂಡಲೆ ಮರಾಠಿ ಬಿಟ್ಟು, “ನಿಮ್ಮ ತವರ ಯಾವೂರ್ರಿ?” ಎಂದು ಕೇಳಿದ. ನಾಗಣಸೂರು ಎಂದೆ. “ನಮ್ಮ ಅತ್ತಿ ಮನಿ ಅಲ್ಲೇ ಐತ್ರಿ” ಎಂದು ಸಲುಗೆಯಿಂದ ಕಟ್ಟೆಯ ಮೇಲೆ ಕೂತು ಹೊಸ ಮೀಟರು ತೋರಿಸಿದ. ಹಿತ್ತಾಳೆಯ ಕೊಳವೆಗೆ ಹುಗಿದು ಕೂರಿಸಿದ ಗಡಿಯಾರದಂತೆ ಇತ್ತು. ಮುಳ್ಳಿಲ್ಲ, ಪರದೆಯ ಮೇಲೆ ಅಂಕಿ.

“ಇದರಾಗ ತಿರಗೂ ಗಾಲಿ ಇಲ್ರಿ ಬಾಯಾರ. ಒಳಗ ಒಂದ ಸಪ್ಪಳ ಬಿಡತೈತಿ, ನಮಗ ಕೇಳಂಗಿಲ್ಲ. ಆ ಸಪ್ಪಳ ನೀರಾಗ ಎಷ್ಟ ಜಲ್ದಿ ಹೊಂಟೈತಿ ನೋಡಿ ಲೆಕ್ಕಾ ಹಿಡೀತೈತಿ. ಬರೇ ಗಾಳಿ ಬಂದ್ರ ಎಣಸಂಗಿಲ್ಲ. ಎಲ್ಲೆರ ಸೋರಾಕತ್ತಿದ್ರ ಇಲ್ಲಿ ಹನಿ ಗುರ್ತ ಬೀಳತೈತಿ. ರೀಡಿಂಗಿನಾಂವ ಒಳಗ ಬರೂದ ಬ್ಯಾಡ, ಓಣ್ಯಾಗ ಅಡ್ಡಾಡಿದ್ರ ಸಾಕು, ಅವನ ಕೈಯಾಗಿನ ಯಂತ್ರಕ್ಕ ತಾನ ಬರತೈತಿ.”

ಅಕ್ಕ ಸಂದಿನಲ್ಲಿ ನಿಂತು ಕೇಳುತ್ತಿದ್ದಳು. “ಗಾಳಿಗೆ ತಿರಗಂಗಿಲ್ಲಾ?” ಎಂದು ಕೇಳಿದಳು.

“ಇಲ್ಲವ್ವಾ.”

“ಛಲೋ ಆತು” ಎಂದಳು. ಆದರೆ ಆಕೆಯ ಮುಖ ನೋಡಿದರೆ ಛಲೋ ಆದಂತೆ ಕಾಣಲಿಲ್ಲ.

ಅವತ್ತು ಪೇಠಕ್ಕೆ ವಾರದ ಸೂಟಿ. ಗಂಡಸರಿಬ್ಬರೂ ಮನೆಯಲ್ಲಿದ್ದರು. ಫಿಟ್ಟರ ಗೋಡೆಯನ್ನೂ ನಳವನ್ನೂ ನೋಡಿ, “ಇದು ಎರಡ ಮನಿ ಆಗ್ಯಾವಲ್ರಿ. ಒಂದ ಮೀಟರ ಇಟ್ಟರೂ ನಡೀತೈತಿ. ಬ್ಯಾರೆ ಬ್ಯಾರೆ ಬೇಕಂದ್ರ ಇಬ್ಬರೂ ಒಪ್ಪಬೇಕು, ಎರಡ ಕನೆಕ್ಷನ್ ಮಾಡಿ ಬಾಗಲದಾಗ ಒಂದೊಂದ ಮೀಟರ ಕೂಡಸತೀವಿ” ಎಂದ.

ನನ್ನ ಗಂಡ, “ಬ್ಯಾರೆ ಮಾಡ್ರಿ” ಎಂದರು.

ಗೋಡೆಯ ಆಚೆಯಿಂದ ಭಾವನವರ ದನಿ ಬಂತು. “ನಮ್ದೂ ಒಪ್ಪಿಗಿ ಐತ್ರಿ.”

ಅಷ್ಟು ವರ್ಷದಲ್ಲಿ ಅಣ್ಣತಮ್ಮ ಒಂದೇ ಮಾತು ಆಡಿದ್ದು ಅದೊಂದೇ ಸಲ. ಅದನ್ನೂ ಫಿಟ್ಟರನಿಗೆ ಆಡಿದರು.

ಅಕ್ಕ ಸಂದಿನಲ್ಲೇ ನಿಂತು, ಸೆರಗು ಬಾಯಿಗೆ ಹಿಡಿದುಕೊಂಡು, “ಒಂದ ಇರ್ಲಿ ಬಿಡ್ರಿ. ಇಷ್ಟ ದಿನಾ ನಡದೈತಿ” ಎಂದಳು. ಭಾವ, “ನಿನಗ ತಿಳಿಯಂಗಿಲ್ಲ, ಒಳಗ ನಡಿ” ಎಂದರು. ಗದರಿಸಿ ಹೇಳಲಿಲ್ಲ. ಮೆತ್ತಗೆ ಹೇಳಿದರು. ನಾನೂ ಏನೋ ಹೇಳಲು ಬಾಯಿ ತೆರೆದೆ. ನನ್ನ ಗಂಡ ನನ್ನ ಕಡೆ ನೋಡಿದರು.

ಕೆಲಸ ಸಂಜೆಯೊಳಗೆ ಮುಗಿಯಿತು. ಹಳೆಯ ಪೈಪು ಕತ್ತರಿಸಿದಾಗ ಕೆಂಪು ನೀರು ಬಳಬಳ ಸುರಿದು ಗುಂಡಿ ತುಂಬಿತು. ತುಕ್ಕು ಹಿಡಿದ ಮೀಟರು ಬಿಚ್ಚಲು ಇಬ್ಬರೂ ಕೂಡಿ ಪಾನಾ ಹಾಕಿ ತಿರುಗಿಸಬೇಕಾಯಿತು. ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಚೀಲದಲ್ಲಿ ಓಣಿಯವರೆಲ್ಲರ ಮೀಟರು ಇದ್ದವು. ಹೊಸ ಮೀಟರುಗಳು ಎರಡು ಮನೆಯ ಎದುರುಬಾಗಿಲಲ್ಲಿ, ಮುಚ್ಚಳದ ಡಬ್ಬಿಯಲ್ಲಿ ಕೂತವು. ಅಲ್ಲಿಂದ ಹೊಸ ಪೈಪು ಅಡುಗೆಮನೆಯವರೆಗೆ ಹೋಯಿತು. ನಡುವಿನ ನಳ ಇಲ್ಲವಾಯಿತು. ಮುಂದಿನ ವಾರ ಭಾವ ಗೌಂಡಿಯನ್ನು ಕರೆಸಿ ಸಂದು ಮುಚ್ಚಿಸಿದರು. ಇಟ್ಟಂಗಿ ಏರುತ್ತಿದ್ದಾಗ ಅಕ್ಕ ಆ ಕಡೆ ನಿಂತಿದ್ದಳು. ಸೊಂಟದವರೆಗೆ ಏರಿತು, ಎದೆಯವರೆಗೆ ಏರಿತು. “ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀನಿ” ಎಂದು ಹೇಳಿ ಆಕೆ ಒಳಗೆ ಹೋದಳು.

ಮೊದಮೊದಲು ನೀರು ಬಿಟ್ಟ ದಿನ ಗೋಡೆಯಾಚೆಯಿಂದ ಕೂಗುತ್ತಿದ್ದಳು. “ತಂಗಿ, ಬಂತನು?” “ಬಂತಕ್ಕಾ.” ಅದಾದ ಮೇಲೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಇಡೀ ಓಣಿಗೆ ಕೇಳುವಂತೆ ಕೂಗಿ ಹೇಳುವ ಮಾತು ನಮ್ಮ ಹತ್ತಿರ ಇರಲಿಲ್ಲ. ನಮ್ಮ ಮಾತೆಲ್ಲ ಮೆತ್ತಗಿನವು. ಭಾವ ನೆಲದೊಳಗೆ ಟಾಕಿ ಕಟ್ಟಿಸಿದರು. ನೀರು ತಾನೇ ಬಂದು ತುಂಬಿ ತಾನೇ ನಿಲ್ಲುವಂತೆ ಮಾಡಿಸಿದರು. ನಾವೂ ಹಾಗೇ ಮಾಡಿಸಿದೆವು. ನೀರು ಹಿಡಿಯುವ ಕೆಲಸವೇ ತಪ್ಪಿತು. ಸುಖವಾಯಿತು ಎಂದು ಎಲ್ಲರೂ ಹೇಳಿದರು, ಸುಖವೂ ಆಯಿತು. ನನ್ನ ಸೊಂಟ ನೋವು ಕಡಿಮೆಯಾಯಿತು. ಆದರೆ ನೀರು ಬಿಟ್ಟ ದಿನ ಆಚೆಯ ಟಾಕಿಯಲ್ಲಿ ನೀರು ಬೀಳುವ ಸದ್ದು ಕೇಳುತ್ತ ನಾನು ಮಷೀನಿನ ಮುಂದೆ ಸುಮ್ಮನೆ ಕೂತಿರುತ್ತಿದ್ದೆ. ಫೋನು ಇತ್ತು. ಗೋಡೆಯಾಚೆ ಇರುವವಳಿಗೆ ಫೋನು ಹಚ್ಚಿ ಏನು ಕೇಳಬೇಕು? ಅಕ್ಕನಿಗೂ ಹಾಗೇ ಅನ್ನಿಸಿರಬೇಕು. ಹೀಗೆ ಒಂದು ಬೇಸಿಗೆ ಹೋಯಿತು, ಮಳೆಗಾಲ ಹೋಯಿತು, ಚಳಿಯೂ ಹೋಯಿತು.

ಮಗಳು ಬಸುರಾದಳು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅಕ್ಕಲಕೋಟೆಗೆ ಹೊರಟೆ. ನನ್ನ ಗಂಡ ಟೆಂಪೋ ಬಾಡಿಗೆಗೆ ಹೋಗಿದ್ದರು, ಅಲ್ಲಿಗೇ ನೇರ ಬರುವವರಿದ್ದರು. ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕಿಟಕಿಯ ಕಡೆ ನೋಡಿದರೆ ಅಕ್ಕ ಕೂತಿದ್ದಾಳೆ. ತೊಡೆಯ ಮೇಲೆ ಹಸಿರು ಬಳೆಯ ಡಬ್ಬಿ, ಒಂದು ಹೊಸ ಇರಕಲ್ಲ ಸೀರೆಯ ಪೊಟ್ಟಣ. ನಾನು ಮೊದಲು ಬೇರೆ ಯಾರೋ ಅಂದುಕೊಂಡೆ. ಕೊರಳಿನ ಎಲುಬು ಎದ್ದು ಕಾಣುತ್ತಿದ್ದವು, ಜಂಪರಿನ ತೋಳು ಜೋತು ಬಿದ್ದಿತ್ತು. ಆ ಜಂಪರು ನಾನೇ ಹೊಲಿದುಕೊಟ್ಟದ್ದು. ಅವಳ ಅಳತೆ ನನಗೆ ಬಾಯಿಪಾಠ.

“ಬಾ, ಕುಂದ್ರ” ಎಂದು ಪೊಟ್ಟಣ ಸರಿಸಿದಳು.

ಬಸ್ಸು ಊರು ದಾಟಿತು. ಆಮೇಲೆ ನಾನು ಅವಳ ಮುಂಗೈ ಹಿಡಿದು, “ಅಕ್ಕಾ, ಏನಾಗೇತಿ?” ಎಂದು ಕೇಳಿದೆ.

“ಏನಿಲ್ಲ, ಉಣ್ಣಾಕ ಮನಸ ಆಗಂಗಿಲ್ಲ.”

“ನನ್ನ ಮುಂದ ಸುಳ್ಳ ಹೇಳಬ್ಯಾಡ.”

ಅವಳು ಕಿಟಕಿಯ ಹೊರಗೆ ನೋಡಿದಳು. ಕಂಡಕ್ಟರು ಬಂದು ಹೋಗಲಿ ಎಂದು ಕಾದಳು. ಆಮೇಲೆ ಸೆರಗಿನ ಒಳಗೆ ಎಡಗಡೆ ಕೈ ಇಟ್ಟು, “ಇಲ್ಲಿ ಗಂಟ ಆಗೇತಿ” ಎಂದಳು.

“ಯಾವಾಗಿಂದ?”

“ಹೊಸಾ ನಳ ಆದಾಗಿಂದ. ಮೊದಲ ಕಡ್ಲಿಕಾಳಿನಷ್ಟ ಇತ್ತು.”

“ದವಾಖಾನಿಗೆ ತೋರಿಸಿಲ್ಲಾ?”

“ಮೊನ್ನೆ ತೋರಿಸೀನಿ. ನೋವ ತಾಳಲಾರದ ಹೋದ್ನಿ. ಭಾಳ ತಡಾ ಮಾಡೀರಿ ಅಂದ್ಲು ಡಾಕ್ಟರಬಾಯಿ. ಮೊದಲ ಹೋಗೂದಿತ್ತು ತಂಗಿ. ಯಾರಿಗಿ ಹೇಳ್ಲಿ? ಅವರಿಗಿ ಹೆಂಗ ಹೇಳೂದು, ನಾಚಿಕಿ ಬರತಿತ್ತು. ಅವರು ಸಂಜೀಮುಂದ ಸೋತ ಬರತಾರ. ನಾಳೆ ಹೇಳಿದ್ರಾತು, ನಾಳೆ ಹೇಳಿದ್ರಾತು ಅಂತ ದಿನಾ ಹೋದು.”

ನನ್ನ ಕೈಯಲ್ಲಿ ಅವಳ ಕೈ ಇತ್ತು. ಬಿಸಿಲಿಗೆ ಒಣಗಿದ ಜೋಳದ ದಂಟಿನಂತೆ ಹಗುರಾಗಿತ್ತು. ನನಗೆ ಅಳು ಬಂತು. ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು.

“ಅಳಬ್ಯಾಡ. ಕೂಸಿನ ಕುಬಸಕ್ಕ ಹೊಂಟೀವಿ. ಆಕಿಗಿ ಹೇಳೂದ ಬ್ಯಾಡ” ಎಂದು ಅಕ್ಕ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು.

ಮಗಳ ಮನೆಯಲ್ಲಿ ಅಕ್ಕ ನಕ್ಕಳು, ಹಸಿರು ಬಳೆ ತೊಡಿಸಿದಳು, ಸೋಬಾನೆಯ ಪದವನ್ನೂ ಹೇಳಿದಳು. ದನಿ ನಡುವೆ ಕಡಿಯುತ್ತಿತ್ತು, ಉಳಿದ ಹೆಂಗಸರು ಎತ್ತಿಕೊಂಡು ಮುಂದುವರಿಸುತ್ತಿದ್ದರು. ಮಗಳು ಮಾತ್ರ, “ದೊಡ್ಡವ್ವ ಯಾಕ ಇಷ್ಟ ಬಡಕಾಗ್ಯಾಳ?” ಎಂದು ನನ್ನನ್ನು ಒಲೆಯ ಹತ್ತಿರ ಕರೆದು ಕೇಳಿದಳು. ಬಿಸಿಲಿಗೆ ಎಂದೆ.

ಆ ದಿನ ಮನೆಗೆ ಬಂದು ನನ್ನ ಗಂಡನಿಗೆ ಎಲ್ಲ ಹೇಳಿದೆ. “ನಾ ನಾಳಿಂದ ಅಕ್ಕನ ಕಡೆ ಹೋಗಾಕಿ. ಬ್ಯಾಡ ಅನಬ್ಯಾಡ್ರಿ” ಎಂದೆ. ಇವರು ಇನ್ನೂ ಹುಡುಗರಿದ್ದಾಗ ತಾಯಿ ಗಿರಣಿಯ ಓಣಿಗಳಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಮದುವೆಯಾಗಿ ಬಂದ ಅತ್ತಿಗೆಯೇ ಈ ಮೈದುನನಿಗೆ ರೊಟ್ಟಿ ಬಡಿದು ಹಾಕಿದವಳು. “ಹೋಗ” ಎಂದರು, ಅಷ್ಟೇ.

ದವಾಖಾನೆಯ ದಿನಗಳನ್ನು ಹೆಚ್ಚು ಬರೆಯಲಾರೆ. ಔಷಧ ಏರಿಸಿದರು, ಕೂದಲು ಹೋಯಿತು. ತಲೆಗೆ ನನ್ನ ಹೊಲಿಗೆಯ ತುಂಡು ಬಟ್ಟೆಯಿಂದ ಕುಂಚಿಗೆ ಮಾಡಿಕೊಟ್ಟೆ. “ಕುರಿ ಉಣ್ಣಿ ಕತ್ತರಿಸಿದಂಗ ಆತು ನೋಡ ನನ್ನ ತಲಿ” ಎಂದು ಅಕ್ಕ ಕನ್ನಡಿ ನೋಡಿ ಹೆಗಲು ಅಲುಗಿಸಿದಳು. ಒಂದೆರಡು ತಿಂಗಳು ಸುಧಾರಿಸಿದಂತೆ ಕಂಡಿತು. ಆಮೇಲೆ ಡಾಕ್ಟರರು, ಮನೆಗೆ ಒಯ್ಯಿರಿ ಎಂದರು.

ಮನೆಯಲ್ಲಿ ನಾನೇ ಅವಳನ್ನು ನೋಡಿಕೊಂಡೆ. ಭಾವ ಅಂಗಡಿಗೆ ಹೋಗುವುದು ಬಿಟ್ಟು ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಗಂಡನ ಅಣ್ಣ; ನಾನು ಅವರ ಜೊತೆ ನೇರ ಮಾತಾಡಿದವಳೇ ಅಲ್ಲ. ಏನು ಬೇಕಾದರೂ ಅಕ್ಕನ ಮೂಲಕವೇ ಹೇಳುತ್ತಿದ್ದೆ. ಈಗಲೂ ಹಾಗೇ. “ಅಕ್ಕಾ, ಹಾಲ ತರಬೇಕಂತ ಹೇಳ” ಎನ್ನುತ್ತಿದ್ದೆ. ಅವಳು ಮಲಗಿದಲ್ಲಿಂದಲೇ, “ಹಾಲ ತರಬೇಕಂತ್ರಿ” ಎನ್ನುತ್ತಿದ್ದಳು. ಅವರು ಚರಿಗೆ ಹಿಡಿದು ಎದ್ದು ಹೋಗುತ್ತಿದ್ದರು.

ಒಂದು ದಿನ ಮಧ್ಯಾಹ್ನ ಅವಳ ಬೆನ್ನು ಒರೆಸುತ್ತಿದ್ದೆ. “ತಂಗಿ, ಅತ್ತೀನ್ನ ತಡವಳಕ್ಕ ಒಯ್ಲಿಲ್ಲ. ನನ್ನರ ಒಯ್ರಿ” ಎಂದಳು. ಪಡಸಾಲೆಗೆ ಕೇಳಿಸಿರಬೇಕು. ಭಾವ ಎದ್ದು ಹೊರಗೆ ಹೋದ ಸದ್ದು ಬಂತು.

ಅವಳು ಹೋದದ್ದು ಬೆಳಗಿನ ಹೊತ್ತು. ಮಗಳು ಕೂಸನ್ನು ಎತ್ತಿಕೊಂಡು ಅಕ್ಕಲಕೋಟೆಯಿಂದ ಬರುವಷ್ಟರಲ್ಲಿ ಓಣಿಯ ಹೆಂಗಸರು ಸೇರಿದ್ದರು. ಮೈ ತೊಳೆಯಲು ನೀರು ಬೇಕಾಯಿತು. ಒಳಗೆ ನಳ ತಿರುಗಿಸಿದರೆ ನೀರಿಲ್ಲ. ಟಾಕಿ ತಳ ಕಂಡಿತ್ತು. ಇಷ್ಟು ದಿನದ ಗಡಿಬಿಡಿಯಲ್ಲಿ ಎದುರುಬಾಗಿಲ ಮೀಟರಿನ ವಾಲ್ವು ಯಾರೋ ಮುಚ್ಚಿದ್ದು ಹಾಗೇ ಉಳಿದಿತ್ತು. ನೀರು ಬಿಟ್ಟ ದಿನ ಹನಿಯೂ ಒಳಗೆ ಬಂದಿರಲಿಲ್ಲ. ಭಾವ ಖಾಲಿ ಟಾಕಿಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡುತ್ತಿದ್ದರು. ಒಬ್ಬ ಮುದುಕಿ, “ಕೊಡ ತಗೊಂಡ ಬಾಜೂದವರ ಕಡೆ ಹೋಗ್ರಿ” ಎಂದಳು.

ಅಷ್ಟರಲ್ಲಿ ಗೋಡೆಯ ಮೇಲಿಂದ ಒಂದು ಹಸಿರು ಪೈಪು ಬಂದು ಅಂಗಳದಲ್ಲಿ ಬಿತ್ತು. ಆ ಕಡೆ ನನ್ನ ಗಂಡ ಮೋಟರು ಹಚ್ಚಿದ್ದು ಕೇಳಿಸಿತು. ಪೈಪು ಒಮ್ಮೆ ಕೆಮ್ಮಿ ನೀರು ಬಿಟ್ಟಿತು. ಹಂಡೆ ತುಂಬಿತು. ನಾನು, ಮಗಳು, ಇನ್ನಿಬ್ಬರು ಹೆಂಗಸರು ಕೂಡಿ ಅಕ್ಕನ ಮೈ ತೊಳೆದೆವು. ಮಗಳು ಅವಳ ಪಾದ ತಿಕ್ಕಿ ತಿಕ್ಕಿ ತೊಳೆದಳು. ಸಾಲಿಯ ದಾರಿಯಲ್ಲಿ ಕೆಸರಾದರೆ ದೊಡ್ಡವ್ವ ತನಗೆ ಹೀಗೇ ತೊಳೆಯುತ್ತಿದ್ದಳು ಎಂದು ಆಮೇಲೆ ಹೇಳಿದಳು.

ತಡವಳಕ್ಕೆ ಒಯ್ಯುವುದೆಂದಾಯಿತು. ಯಾರು ಹೇಳಿದರು ಎಂದು ನನಗೆ ಗೊತ್ತಿಲ್ಲ. ನಾನು ಹೊರಗೆ ಬಂದಾಗ ಇವರ ಟೆಂಪೋ ಭಾವನವರ ಬಾಗಿಲ ಮುಂದೆ ಹಿಂದುಮುಂದಾಗಿ ನಿಂತಿತ್ತು. ಒಳಗೆ ಹುಲ್ಲು ಹಾಸಿ, ಮೇಲೆ ಅತ್ತೆಯ ಕಾಲದ ಕರಿಕಂಬಳಿ ಹಾಸಿದ್ದರು. ಚಟ್ಟ ಎತ್ತುವಾಗ ಮುಂದೆ ಭಾವ, ಹಿಂದೆ ನನ್ನ ಗಂಡ ಹೆಗಲು ಕೊಟ್ಟರು. ಭಾವ ಹಿಂದೆ ಹತ್ತಿ ಅಕ್ಕನ ತಲೆಯ ಹತ್ತಿರ ಕೂತರು, ನಾನು ಕಾಲ ಹತ್ತಿರ ಕೂತೆ. ಇವರು ಬಾಗಿಲು ಹಾಕಿ ಚಾಲು ಮಾಡಲು ಮುಂದೆ ಹೋಗುವಾಗ ಭಾವ ಹಿಂದಿನಿಂದ, “ಹಗೂರಕ ಹೊಡಿ” ಎಂದರು.

ಅಷ್ಟು ವರ್ಷದ ಮೇಲೆ ಅಣ್ಣ ತಮ್ಮನಿಗೆ ಆಡಿದ ಮಾತು ಅದು. ಇವರು ತಡವಳದವರೆಗೆ ಹಗೂರಕ್ಕೇ ಹೊಡೆದರು. ಹಿಂದೆ ಬಸ್ಸುಗಳು ಹಾರ್ನು ಬಾರಿಸಿ ದಾಟಿ ಹೋದವು.

ಬೀರೋಬನ ಗುಡಿಯ ಹಿಂದಿನ ಹೊಲದಲ್ಲಿ ಅಕ್ಕನನ್ನು ಅವಳ ಹಿರಿಯರ ಮಗ್ಗುಲಲ್ಲಿ ಇಟ್ಟರು. ಗುಡಿಯ ಪೂಜಾರಿ ಭಂಡಾರ ಹಾಕಿದ. ಮೂರು ಹಿಡಿ ಮಣ್ಣು ಹಾಕಿ ನನ್ನ ಗಂಡ ಒಂದು ಜಾಲಿ ಗಿಡದ ನೆರಳಿಗೆ ಹೋಗಿ ಕೂತು ಅಳತೊಡಗಿದರು. ದನಿ ತೆಗೆದು ಅತ್ತರು. ತಾಯಿಗೆ ಅತ್ತದ್ದೋ ಅತ್ತಿಗೆಗೆ ಅತ್ತದ್ದೋ ನನಗೆ ತಿಳಿಯಲಿಲ್ಲ. ಭಾವ ದೂರದಿಂದ ನೋಡಿದರು. ಹತ್ತಿರ ಹೋಗಲು ಎರಡು ಹೆಜ್ಜೆ ಇಟ್ಟರು, ಆಮೇಲೆ ನಿಂತುಬಿಟ್ಟರು. ಇಬ್ಬರೂ ಅಂಥವರೇ.

ಈಗ ಒಂದು ವರ್ಷದ ಮೇಲಾಯಿತು. ಗೋಡೆ ಹಾಗೇ ಇದೆ. ಅಣ್ಣತಮ್ಮ ಕೂಡಿದರು ಎಂದು ಬರೆಯಲು ನನಗೂ ಮನಸ್ಸಿದೆ, ಆದರೆ ಕೂಡಿಲ್ಲ. ಓಣಿಯಲ್ಲಿ ಎದುರಾದರೆ ಒಬ್ಬರು ಇನ್ನೊಬ್ಬರಿಗೆ ದಾರಿ ಬಿಡುತ್ತಾರೆ. ಮೊದಲು ಅದೂ ಇರಲಿಲ್ಲ.

ಅಕ್ಕ ಹೋದ ಕೆಲವು ತಿಂಗಳಿಗೆ ರೀಡಿಂಗಿನವನು ಓಣಿಯಲ್ಲಿ ಕೈಯಂತ್ರ ಹಿಡಿದು ಬಂದವನು ನಮ್ಮ ಬಾಗಿಲಲ್ಲಿ ನಿಂತು ಮರಾಠಿಗನ್ನಡದಲ್ಲಿ ಕೇಳಿದ. “ಮಾವಶಿ, ಬಾಜೂದ ಮನಿ ಬಂದ್ ಐತೇನ್ರಿ? ಮೀಟರ ನಡದಂಗ ಇಲ್ಲ. ಬಿಘಡಲಾ ಕಾಯ, ಕೆಟ್ಟೈತೇನು ನೋಡಬೇಕು.”

“ಬಂದ್ ಇಲ್ಲಪಾ. ಒಬ್ಬರ ಅದಾರ” ಎಂದೆ.

ಅವನು ಹೋದ ಮೇಲೆ ನಾನು ಯೋಚಿಸುತ್ತ ಕೂತೆ. ಭಾವ ಚಹಾ ಓಣಿಯ ತುದಿಯ ಅಂಗಡಿಯಲ್ಲಿ ಕುಡಿಯುತ್ತಾರೆ, ಊಟ ನವಿ ಪೇಠದ ಖಾನಾವಳಿಯಲ್ಲಿ ಮಾಡುತ್ತಾರೆ ಎಂದು ಕೇಳಿದ್ದೆ. ದಿನವೂ ಹಾಗೇ ಎಂದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಜಳಕಕ್ಕೆ ಬಿಟ್ಟರೆ ನೀರಿನ ಕೆಲಸವೇ ಇರಲಿಲ್ಲ, ಒಂದು ಪಾತ್ರೆಯನ್ನೂ ಯಾರೂ ತೊಳೆಯುತ್ತಿರಲಿಲ್ಲ. ಅವತ್ತು ಸಂಜೆ ನಾಲ್ಕು ರೊಟ್ಟಿ ಹೆಚ್ಚು ಬಡಿದೆ. ತಲೆಯ ಮೇಲೆ ಸೆರಗು ಹೊದ್ದು ಅವರ ಬಾಗಿಲಿಗೆ ಹೋಗಿ ನಿಂತೆ. ಯಾರ ಮೂಲಕ ಹೇಳಲಿ? ಕಡೆಗೆ ನಾನೇ, “ಭಾವಾರ, ಊಟ ತಂದೀನ್ರಿ” ಎಂದೆ.

ಒಳಗೆ ಕತ್ತಲಿತ್ತು. ಅವರು ಎದ್ದು ದೀಪ ಹಾಕಿದರು. “ಅಲ್ಲಿಡವ್ವಾ” ಎಂದರು. ನಾನು ಇಟ್ಟು ತಿರುಗಿದೆ.

“ನಿಂದ್ರ ಒಂದೀಟ. ಆಕಿ ಬ್ಯಾಳಿಗಿ ಏನ ಹಾಕತಿದ್ಲು? ನಾ ಒಂದಿನಾ ಮಾಡಿ ನೋಡಿದ್ನಿ. ಆ ರುಚಿ ಬರಲಿಲ್ಲ.”

ಹೇಳಿದೆ. ತೊಗರಿಬೇಳೆ ಕುದಿಯುವಾಗಲೇ ಸ್ವಲ್ಪ ಶೇಂಗಾಪುಡಿ, ಬಳ್ಳೊಳ್ಳಿ ಜಜ್ಜಿ, ಕಾಳಾ ಮಸಾಲೆ ಕಡೆಗೆ. ಅವರು ಅಂಗಡಿಯಲ್ಲಿ ಗಿರಾಕಿಯ ಮಾತು ಕೇಳುವಂತೆ ತಲೆ ಬಗ್ಗಿಸಿ ಕೇಳಿದರು. “ಶೇಂಗಾಪುಡಿ” ಎಂದು ತಮಗೇ ಒಮ್ಮೆ ಹೇಳಿಕೊಂಡರು.

ಅವತ್ತಿನಿಂದ ಸಂಜೆ ಡಬ್ಬಿ ಕೊಟ್ಟು ಬರುತ್ತೇನೆ. ನನ್ನ ಗಂಡನಿಗೆ ನಾನಾಗಿ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಹಿಟ್ಟು ಬೇಗ ಮುಗಿಯುತ್ತದೆ ಎಂದಾಗ ಜೋಳದ ಚೀಲ ಒಂದು ಹೆಚ್ಚು ತಂದಿಟ್ಟರು. ಒಮ್ಮೆ ನನಗೆ ಜ್ವರ ಬಂದು ಎರಡು ದಿನ ಡಬ್ಬಿ ಹೋಗಲಿಲ್ಲ. ಎರಡನೆಯ ದಿನ ಸಂಜೆ ಭಾವನವರ ಮನೆಯಿಂದ ಶೇಂಗಾಪುಡಿ ಹಾಕಿದ ಬೇಳೆ ಕುದಿಯುವ ವಾಸನೆ ಗೋಡೆ ದಾಟಿ ಬಂತು, ಜೊತೆಗೆ ಒಗ್ಗರಣೆ ಹೊತ್ತಿದ ವಾಸನೆಯೂ ಬಂತು. ನನ್ನ ಗಂಡ ಅಂಗಳದಲ್ಲಿ ಟೆಂಪೋದ ಗಾಲಿ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿ ಆ ಕಡೆ ತಲೆ ಎತ್ತಿದರು. ಆ ವಾಸನೆ ಒಮ್ಮೆ ಎಳೆದುಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು.